ಅಮೆರಿಕದಲ್ಲಿ ಓದುವ ನಮ್ಮ ಮಕ್ಕಳಿಗೆ ಎಸ್‌ಎಸ್‌ಎನ್: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 2014ರಲ್ಲಿ ಗೋಣಿಕೊಪ್ಪದಿಂದ ಅಮೆರಿಕಕ್ಕೆ ಮಾಸ್ಟರ್ಸ್ ಓದಲು ಹೋದವಳು. ಐದು ವರ್ಷ ಇದ್ದು ವಾಪಸ್ ಬಂದು ಈಗ ತೋಟ ನೋಡಿಕೊಂಡಿದ್ದೇನೆ. ಪ್ರತಿ ವರ್ಷ ಮಳೆ ಹಿಡಿಯುವ ಹೊತ್ತಿಗೆ, ಆಗಸ್ಟಿನಲ್ಲಿ ಹೊರಡುವ ಮಕ್ಕಳ ಮನೆಯಿಂದ ಫೋನ್ ಬರಲು ಶುರುವಾಗುತ್ತದೆ. ವಿರಾಜಪೇಟೆಯ ಮದುವೆ ಊಟದಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಅಲ್ಲಿ ಇಳಿದ ಮೇಲೆ ಮಕ್ಕಳೇ ಮೆಸೇಜ್ ಹಾಕುತ್ತಾರೆ. ಕೇಳುವುದು ಬಹುಪಾಲು ಒಂದೇ ವಿಷಯ: ಕೆಲಸ ಮಾಡಲು ಬೇಕಾದ ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಎಸ್‌ಎಸ್‌ಎನ್. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಬೇರೆ ಅಂತ ಹೇಳದ ಕಡೆಯೆಲ್ಲ ಉತ್ತರ ಎಫ್-1 ವೀಸಾದಲ್ಲಿ ಹೋಗುವ ವಿದ್ಯಾರ್ಥಿಗಳದ್ದು.

## ಮೊದಲು ತಿಳಿಯಬೇಕಾದವು

"ಎಸ್‌ಎಸ್‌ಎನ್ ಅಂದ್ರೆ ನಮ್ಮ ಆಧಾರ್ ಥರಾನೇ ಅಲ್ವಾ ಅಕ್ಕ?"

ಅಲ್ಲ. ಆಧಾರ್ ನೀವು ಯಾರು ಅಂತ ಹೇಳಲು ಇರುವ ನಂಬರ್. ಎಸ್‌ಎಸ್‌ಎನ್ ಹುಟ್ಟಿದ್ದು ಸಂಬಳದ ಲೆಕ್ಕಕ್ಕೆ. 1935ರಲ್ಲಿ ಅಮೆರಿಕದಲ್ಲಿ ವಯಸ್ಸಾದವರಿಗೆ ಪಿಂಚಣಿ ಕೊಡುವ ಕಾನೂನು ಬಂತು. ಯಾರು ಎಷ್ಟು ದುಡಿದರು ಅಂತ ಬರೆದಿಡಬೇಕಲ್ಲ, ಅದಕ್ಕೆ 1936ರ ನವೆಂಬರ್‌ನಿಂದ ಒಬ್ಬೊಬ್ಬರಿಗೆ ಒಂದು ನಂಬರ್ ಕೊಡಲು ಶುರು ಮಾಡಿದರು. ಆಮೇಲೆ ತೆರಿಗೆ, ಬ್ಯಾಂಕ್ ಸಾಲ, ಎಲ್ಲವೂ ಅದಕ್ಕೇ ಅಂಟಿಕೊಂಡವು.

ಒಟ್ಟು ಒಂಬತ್ತು ಅಂಕಿ. ಮೂರು, ಎರಡು, ನಾಲ್ಕು ಅಂತ ಬಿಡಿಸಿ ಬರೆಯುತ್ತಾರೆ. ಕಾರ್ಡಿನಲ್ಲಿ ಫೋಟೊ ಇಲ್ಲ, ಹುಟ್ಟಿದ ದಿನ ಇಲ್ಲ, ಬೆರಳಚ್ಚು ಯಾರೂ ಕೇಳುವುದಿಲ್ಲ. ತೆಳ್ಳಗಿನ ಕಾಗದದ ಮೇಲೆ ಹೆಸರು ಮತ್ತು ನಂಬರ್, ಅಷ್ಟೇ. ನಮ್ಮ ಕಡೆ ಹೋಲಿಸಲೇಬೇಕು ಅಂದರೆ ಪ್ಯಾನ್ ಮತ್ತು ಪಿಎಫ್ ನಂಬರ್ ಎರಡೂ ಒಂದೇ ಆದ ಹಾಗೆ ಅಂದುಕೊಳ್ಳಿ.

"ಚೆನ್ನೈಯಲ್ಲಿ ವೀಸಾ ಜೊತೆಗೇ ಮಾಡಿಸ್ಕೊಂಡು ಹೋಗೋಕಾಗಲ್ವಾ?"

ಆಗುವುದಿಲ್ಲ. ವಿದ್ಯಾರ್ಥಿಗಳು ಅಲ್ಲಿಗೆ ಹೋದ ಮೇಲೆ ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ಕಚೇರಿಯಲ್ಲೇ ಅರ್ಜಿ ಹಾಕಬೇಕು. ವೀಸಾ ಕೊಡುವವರಿಗೂ ಇದಕ್ಕೂ ಸಂಬಂಧ ಇಲ್ಲ.

"ಅಡ್ಮಿಷನ್ ಆಗಿದೆ, ಕೆಲಸ ಇನ್ನೂ ಸಿಕ್ಕಿಲ್ಲ. ನಂಬರ್ ಒಂದು ಮೊದಲೇ ಮಾಡಿಸಿಟ್ರೆ ಒಳ್ಳೇದಲ್ವಾ?"

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನಮ್ಮಲ್ಲಿ ಎಲ್ಲದಕ್ಕೂ ಕಾಗದ ಮೊದಲು, ಕೆಲಸ ಆಮೇಲೆ. ಅದಕ್ಕೇ ಹೀಗೆ ಅನಿಸುವುದು ಸಹಜ. ಆದರೆ ಅಲ್ಲಿ ತಿರುಗುಮುರುಗು. ಮೊದಲು ಕಾನೂನು ಒಪ್ಪುವ ಒಂದು ಕೆಲಸ ಸಿಗಬೇಕು, ಆಮೇಲೆ ನಂಬರ್. ಕೆಲಸದ ಪತ್ರ ಇಲ್ಲದೆ ಹೋದರೆ ಬರಿಗೈಲಿ ವಾಪಸ್ ಬರಬೇಕಾಗುತ್ತದೆ.

ಎಫ್-1 ವಿದ್ಯಾರ್ಥಿಗೆ ಮುಖ್ಯವಾಗಿ ದಾರಿ ಮೂರು. ಕಾಲೇಜಿನ ಒಳಗೇ ಸಿಕ್ಕ ಕೆಲಸ ಒಂದು. ಓದಿನ ಭಾಗವಾಗಿ ಹೊರಗೆ ಮಾಡುವ ಇಂಟರ್ನ್‌ಶಿಪ್, ಅಂದರೆ ಸಿಪಿಟಿ ಎರಡನೆಯದು. ಓದು ಮುಗಿಸುವ ಹೊತ್ತಿಗೆ ಸಿಗುವ ಕೆಲಸದ ಅನುಮತಿ, ಅಂದರೆ ಒಪಿಟಿ ಮೂರನೆಯದು. ಈ ಮೂರರಲ್ಲಿ ಯಾವುದೂ ಇಲ್ಲ ಅಂದರೆ ಸದ್ಯಕ್ಕೆ ನಂಬರ್ ಬೇಕಾಗಿಯೂ ಇಲ್ಲ. ಅದಿಲ್ಲ ಅಂತ ಯಾರ ಓದೂ ನಿಲ್ಲುವುದಿಲ್ಲ.

"ದುಡ್ಡು ಕೊಟ್ರೆ ಬೇಗ ಮಾಡಿಸಿಕೊಡ್ತೀವಿ ಅಂತ ಒಬ್ಬರು ಹೇಳಿದ್ರು. ಕೊಡಬಹುದಾ?"

ಒಂದು ರೂಪಾಯಿಯೂ ಕೊಡಬೇಡಿ. ಅರ್ಜಿಗೆ ಶುಲ್ಕ ಇಲ್ಲ, ಕಾರ್ಡಿಗೆ ಶುಲ್ಕ ಇಲ್ಲ, ಕಳೆದುಹೋದರೆ ಇನ್ನೊಂದು ಕೊಡುವುದಕ್ಕೂ ಇಲ್ಲ. ದುಡ್ಡು ಕೊಟ್ಟರೆ ಬೇಗ ಆಗುವ ತತ್ಕಾಲ್ ಥರದ್ದು ಇದರಲ್ಲಿ ಇಲ್ಲವೇ ಇಲ್ಲ. ಕಾಫಿ ಮಾರಿ ಕೂಡಿಸಿದ ದುಡ್ಡು ಹೀಗೆ ಹೋಗುವುದು ಕೇಳಿದರೆ ಸಂಕಟ ಆಗುತ್ತದೆ.

"ನಂಬರ್ ಇಲ್ಲದೆ ಬ್ಯಾಂಕು, ಸಿಮ್ಮು, ರೂಮು ಎಲ್ಲಾ ಹೆಂಗೆ?"

ನಡೆಯುತ್ತದೆ. ಕಾಲೇಜಿನ ಹತ್ತಿರ ಇರುವ ಬ್ಯಾಂಕುಗಳಿಗೆ ವಿದೇಶಿ ವಿದ್ಯಾರ್ಥಿಗಳು ಹೊಸಬರಲ್ಲ. ಪಾಸ್‌ಪೋರ್ಟ್, ಐ-20 (ಕಾಲೇಜು ಕಳಿಸುವ ಪ್ರವೇಶದ ಪತ್ರ), ವಿಳಾಸ ತೋರಿಸಿದರೆ ಖಾತೆ ತೆರೆಯುತ್ತಾರೆ. ಪ್ರೀಪೇಯ್ಡ್ ಸಿಮ್ಮಿಗೆ ಕೇಳುವುದಿಲ್ಲ. ರೂಮು ಮಾತ್ರ ಸ್ವಲ್ಪ ತಾಪತ್ರಯ. ಬಾಡಿಗೆ ಫಾರಂನಲ್ಲಿ ಎಸ್‌ಎಸ್‌ಎನ್ ಕಾಲಂ ಇರುತ್ತದೆ, ಹಿಂದೆ ಸಾಲ ಸರಿಯಾಗಿ ತೀರಿಸಿದ್ದಾರಾ ಅಂತ ನೋಡುವುದಕ್ಕೆ. ನಾನು ವಿದ್ಯಾರ್ಥಿ, ನಂಬರ್ ಇನ್ನೂ ಇಲ್ಲ ಅಂತ ನೇರವಾಗಿ ಹೇಳಿ. ಅಡ್ವಾನ್ಸ್ ಜಾಸ್ತಿ ಕೇಳಬಹುದು. ಖಾಲಿ ಬಿಡಲು ಭಯಪಟ್ಟು ಯಾವುದೋ ಒಂಬತ್ತು ಅಂಕಿ ತುಂಬಿಸಬೇಡಿ. ಅದು ಬೇರೆ ಯಾರದೋ ನಂಬರ್ ಆಗಿರಬಹುದು.

ಡ್ರೈವಿಂಗ್ ಲೈಸೆನ್ಸ್ ವಿಷಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಕಡೆ, ಇವರಿಗೆ ಸದ್ಯ ನಂಬರ್ ಸಿಗುವುದಿಲ್ಲ ಅಂತ ಸೋಶಿಯಲ್ ಸೆಕ್ಯುರಿಟಿ ಕಚೇರಿಯಿಂದಲೇ ಒಂದು ಪತ್ರ ತರಲು ಹೇಳುತ್ತಾರೆ. ಕೇಳಿದರೆ ಆ ಪತ್ರ ಕೊಡುತ್ತಾರೆ.

## ಊರು ಬಿಡುವ ಮೊದಲು

"ನಮ್ಮ ಮನೆ ಹೆಸರು ಮುಂದೆ ಬರುತ್ತೆ. ಅವರು ಅದನ್ನ ಹೆಸರು ಅಂದ್ಕೊಂಡ್ರೆ?"

ಇದು ನಮ್ಮ ಜಿಲ್ಲೆಯವರದ್ದೇ ತೊಡಕು, ಸ್ವಲ್ಪ ನಿಧಾನವಾಗಿ ಓದಿ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಒಕ್ಕದ, ಅಂದರೆ ಮನೆತನದ ಹೆಸರು, ಕಾರ್ಯಪ್ಪ ಅವರ ಸ್ವಂತ ಹೆಸರು. ಬ್ರಿಟಿಷರ ವಿರುದ್ಧ ಹೋರಾಡಿದ ಗುಡ್ಡೆಮನೆ ಅಪ್ಪಯ್ಯಗೌಡರದ್ದೂ ಹಾಗೆ, ಮನೆ ಹೆಸರೇ ಮೊದಲು. ನಮಗೆ ಇದು ಉಸಿರಾಡಿದಷ್ಟು ಸಲೀಸು. ಆದರೆ ಅಮೆರಿಕದ ಫಾರಂನಲ್ಲಿ ಕೊನೆಗೆ ಬರುವುದೇ ಮನೆತನದ ಹೆಸರು. ಅವರ ಕಣ್ಣಿಗೆ ಕೊಡಂದೇರ ಅನ್ನುವುದು ಕರೆಯುವ ಹೆಸರು, ಕಾರ್ಯಪ್ಪ ಅನ್ನುವುದು ಮನೆತನ.

ಪಾಸ್‌ಪೋರ್ಟಿನಲ್ಲಿ ಎರಡು ಸಾಲು ಇರುತ್ತದೆ, ಸರ್‌ನೇಮ್ ಮತ್ತು ಗಿವನ್ ನೇಮ್. ನಮ್ಮವರ ಪಾಸ್‌ಪೋರ್ಟುಗಳನ್ನು ನೋಡಿದರೆ ಕೆಲವರದ್ದರಲ್ಲಿ ಒಕ್ಕದ ಹೆಸರು ಸರ್‌ನೇಮ್ ಆಗಿದೆ, ಕೆಲವರದ್ದರಲ್ಲಿ ಅಪ್ಪನ ಹೆಸರು, ಇನ್ನು ಕೆಲವರದ್ದರಲ್ಲಿ ಎಲ್ಲ ಹೆಸರೂ ಗಿವನ್ ನೇಮ್ ಸಾಲಿನಲ್ಲೇ ಇದ್ದು ಸರ್‌ನೇಮ್ ಖಾಲಿ. ಹೀಗೆ ಖಾಲಿ ಇದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಮೂರು ಅಕ್ಷರ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಬ್ಯಾಂಕು, ಲೈಬ್ರರಿ, ಸಂಬಳದ ಚೀಟಿ, ಎಲ್ಲೆಲ್ಲೂ ಅದೇ ಹಿಂಬಾಲಿಸುತ್ತದೆ. ನನ್ನ ಜೊತೆ ಓದುತ್ತಿದ್ದ ಸೋಮವಾರಪೇಟೆ ಕಡೆಯ ಹುಡುಗನನ್ನು ಒಂದು ಇಡೀ ಸೆಮಿಸ್ಟರ್ ಲ್ಯಾಬಿನಲ್ಲಿ "ಫ್ನು" ಅಂತ ಕರೆದರು. ಅವನು ಹೇಳಿ ಹೇಳಿ ಸೋತು ಸುಮ್ಮನಾದ.

ಸರಿಪಡಿಸುವ ಜಾಗ ಇಲ್ಲೇ, ಸಮಯ ಈಗಲೇ. ಅರ್ಜಿ ಹಾಕಿ, ಎರಡೂ ಸಾಲು ತುಂಬಿರುವ ಹಾಗೆ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ. ಕಾಲೇಜಿನವರು ಐ-20 ಕಳಿಸುವ ಮೊದಲೇ ಇದು ಆಗಿಬಿಟ್ಟರೆ ಮುಂದೆಲ್ಲ ಸಲೀಸು. ಪಾಸ್‌ಪೋರ್ಟ್, ವೀಸಾ, ಐ-20, ಐ-94 (ಅಲ್ಲಿ ಒಳಗೆ ಬಂದ ದಾಖಲೆ), ಈ ನಾಲ್ಕರಲ್ಲೂ ಹೆಸರು ಅಕ್ಷರ ಬಿಡದೆ ಒಂದೇ ಥರ ಇರಬೇಕು. ಯಾವ ಹೆಸರು ಯಾವ ಸಾಲಿನಲ್ಲಿ ಅನ್ನುವುದಕ್ಕಿಂತ, ನಾಲ್ಕೂ ಕಡೆ ಒಂದೇ ಇದೆಯಾ ಅನ್ನುವುದು ಮುಖ್ಯ.

"ಫಾರಂನಲ್ಲಿ ಅಮ್ಮನ ಹೆಸರು ಕೇಳ್ತಾರಂತೆ. ಮದುವೆಗೆ ಮುಂಚಿನದ್ದಾ, ಆಮೇಲಿನದ್ದಾ?"

ಹುಟ್ಟಿದಾಗಿನ ಹೆಸರು. ಅರ್ಜಿಯ ಹೆಸರು ಎಸ್‌ಎಸ್-5. ಅದರಲ್ಲಿ ತಾಯಿ ಹುಟ್ಟಿದಾಗ ಇದ್ದ ಹೆಸರು ಬರೆಯಿರಿ ಅಂತಲೇ ಇದೆ. ಅಂದರೆ ಅಮ್ಮನ ತೌರುಮನೆಯ ಹೆಸರು.

ನಾನು ಫಾರಂ ಹಿಡಿದು ಕೂತಾಗ ಅಮ್ಮನ ತೌರಿನ ಒಕ್ಕದ ಹೆಸರು ಗೊತ್ತಿತ್ತು, ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆ ಅಂತ ಗೊತ್ತಿರಲಿಲ್ಲ. ಅಲ್ಲಿ ಬೆಳಗ್ಗೆ ಹನ್ನೊಂದೂವರೆ, ಇಲ್ಲಿ ರಾತ್ರಿ ಒಂಬತ್ತು. ಆಗಸ್ಟ್ ಕೊನೆ, ಕರೆಂಟ್ ಇಲ್ಲ, ತೋಟದ ಮನೆಯಲ್ಲಿ ಸಿಗ್ನಲ್ ಇಲ್ಲ. ಗೊತ್ತಿದ್ದ ಹಾಗೆ ಬರೆದು ಕೊಟ್ಟೆ. ಅಮ್ಮನ ಹಳೇ ಮಾರ್ಕ್ಸ್ ಕಾರ್ಡಿನಲ್ಲಿ ಕೊನೆಗೆ ಒಂದು ಎ ಜಾಸ್ತಿ ಇದೆ ಅಂತ ಆಮೇಲೆ ತಿಳಿಯಿತು. ಅದರಿಂದ ನನಗೆ ತೊಂದರೆ ಏನೂ ಆಗಲಿಲ್ಲ. ಆದರೂ ಮುಂದೆ ಗುರುತು ಪರೀಕ್ಷಿಸಲು ಇದೇ ಪ್ರಶ್ನೆ ಕೇಳಬಹುದು, ಹಾಗಾಗಿ ಏನು ಬರೆದಿರಿ ಅನ್ನುವುದು ನೆನಪಿರಲಿ. ಹೊರಡುವ ಮೊದಲೇ ಅಪ್ಪ ಅಮ್ಮ ಇಬ್ಬರ ಹೆಸರನ್ನೂ ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಅಪ್ಪ ಅಮ್ಮನ ಎಸ್‌ಎಸ್‌ಎನ್ ಕೇಳುವ ಜಾಗವೂ ಇದೆ. ಅವರಿಗೆ ಇಲ್ಲ ಅಂದರೆ ಇಲ್ಲ ಅಂತ ಹೇಳಿದರೆ ಆಯಿತು.

"ಹುಟ್ಟಿದ ಊರು ಮಡಿಕೇರಿ ಅಂತ ಹಾಕ್ಬೇಕಾ, ಕೂರ್ಗ್ ಅಂತಾನಾ?"

ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ. ಊರು ಸುಂಟಿಕೊಪ್ಪವಾಗಿದ್ದು ಹೆರಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಆಗಿದ್ದರೆ, ಪಾಸ್‌ಪೋರ್ಟ್ ಮೈಸೂರು ಅಂತ ಹೇಳಿದರೆ ಮೈಸೂರು. ಊರಿನ ಅಭಿಮಾನ ಇಲ್ಲಿ ಬೇಡ.

"ಜೆರಾಕ್ಸ್‌ಗೆ ಗೆಜೆಟೆಡ್ ಆಫೀಸರ್ ಸಹಿ ಹಾಕಿಸಿಟ್ಟಿದ್ದೀವಿ, ಸಾಕಲ್ವಾ?"

ಸಾಕಾಗುವುದಿಲ್ಲ. ಅಲ್ಲಿ ಒರಿಜಿನಲ್ ಮಾತ್ರ ನೋಡುತ್ತಾರೆ. ನೋಟರಿ ಮಾಡಿಸಿದ ಪ್ರತಿಯನ್ನೂ ಒಪ್ಪುವುದಿಲ್ಲ. ಪ್ರತಿಗಳು ನಿಮ್ಮ ಹತ್ತಿರ ಇರಲಿ, ಕಳೆದುಹೋದರೆ ಸಹಾಯಕ್ಕೆ ಬರುತ್ತವೆ.

## ಅಲ್ಲಿ ಇಳಿದ ಮೇಲೆ

"ಕಾಲೇಜಿನ ಒಳಗಿನ ಕೆಲಸ ಅಂದ್ರೆ ಯಾವುದು? ಎಷ್ಟು ಹೊತ್ತು ಮಾಡಬಹುದು?"

ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವುದು, ಹಾಸ್ಟೆಲ್ ಊಟದ ಹಾಲಿನಲ್ಲಿ ಬಡಿಸುವುದು, ಪ್ರೊಫೆಸರ್‌ಗೆ ಪಾಠದಲ್ಲೋ ಸಂಶೋಧನೆಯಲ್ಲೋ ಸಹಾಯ ಮಾಡುವುದು, ಉತ್ತರ ಪತ್ರಿಕೆ ತಿದ್ದುವುದು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಮಾಡುವ ಹಾಗಿಲ್ಲ. ರಜೆಯಲ್ಲಿ ಪೂರ್ತಿ ಹೊತ್ತು ಮಾಡಬಹುದು. ಕೇಂದ್ರ ಸರ್ಕಾರ ಇಟ್ಟಿರುವ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಬಹಳಷ್ಟು ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ ಇದೆ. ಇದರಿಂದ ಫೀಸು ಕಟ್ಟಬಹುದು ಅಂತ ಮನೆಯವರು ಲೆಕ್ಕ ಹಾಕಬೇಡಿ. ಊಟ, ಬಸ್ಸು, ಪುಸ್ತಕದ ಖರ್ಚು ನೀಗುತ್ತದೆ.

"ಇಳಿದ ಮಾರನೇ ದಿನವೇ ಆಫೀಸಿಗೆ ಹೋದ್ರೆ ಬೇಗ ಆಗುತ್ತಾ?"

ಬೇಗ ಆಗುವುದಿಲ್ಲ, ತಡ ಆಗುತ್ತದೆ. ನಾನು ಮಾಡಿದ ತಪ್ಪು ಇದೇ. ಲೈಬ್ರರಿ ಕೆಲಸ ಬೇಗ ಸಿಕ್ಕಿತ್ತು, ಐದನೇ ದಿನಕ್ಕೇ ಹೋಗಿ ಸಾಲಿನಲ್ಲಿ ನಿಂತೆ. ಅರ್ಜಿ ತಗೊಂಡರು. ಆದರೆ ನಾನು ದೇಶದೊಳಗೆ ಬಂದ ದಾಖಲೆ ಅವರ ಕಂಪ್ಯೂಟರಿನಲ್ಲಿ ತಾಳೆ ಆಗಲಿಲ್ಲ. ಪರಿಶೀಲನೆಗೆ ಅಂತ ಪಕ್ಕಕ್ಕೆ ಇಟ್ಟರು. ಕಾರ್ಡ್ ಬರಲು ಆರು ವಾರ ಹಿಡಿಯಿತು. ನನ್ನ ರೂಮಿನ ಹುಡುಗಿ ನನಗಿಂತ ಎರಡು ವಾರ ತಡವಾಗಿ ಹೋದಳು, ಅವಳ ಕಾರ್ಡ್ ನನಗಿಂತ ಮೊದಲೇ ಬಂತು.

ದೇಶದೊಳಗೆ ಕಾಲಿಟ್ಟು ಹತ್ತು ದಿನ ಆಗಲಿ. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ, ಬಂದಿದ್ದೇನೆ ಅಂತ ವರದಿ ಮಾಡಿ. ಅವರು ಸೆವಿಸ್ ಅನ್ನುವ ಸರ್ಕಾರಿ ದಾಖಲೆಯಲ್ಲಿ ನಿಮ್ಮ ಹೆಸರನ್ನು ಸಕ್ರಿಯ ಅಂತ ಮಾಡಿದ ಮೇಲೂ ಎರಡು ದಿನ ಬಿಡಿ. ಆಮೇಲೆ ಹೋಗಿ. ತುಂಬಾ ಮುಂಚೆಯೂ ಬೇಡ: ಕೆಲಸ ಶುರುವಾಗುವ ದಿನ ಅರ್ಜಿ ಹಾಕಿದ ದಿನದಿಂದ 30 ದಿನದೊಳಗೆ ಇರಬೇಕು.

"ಯಾವ್ಯಾವ ಕಾಗದ ತಗೊಂಡು ಹೋಗ್ಬೇಕು, ಸ್ವಲ್ಪ ಬಿಡಿಸಿ ಹೇಳಿ ಅಕ್ಕ"

ವೀಸಾ ಇರುವ ಪಾಸ್‌ಪೋರ್ಟ್. ಸಹಿ ಹಾಕಿದ ಐ-20. ಐ-94, ಇದು ನೀವು ಒಳಗೆ ಬಂದ ದಾಖಲೆ, ಸರ್ಕಾರದ ವೆಬ್‌ಸೈಟಿನಿಂದ ದುಡ್ಡಿಲ್ಲದೆ ಪ್ರಿಂಟ್ ತೆಗೆಯಬಹುದು. ಪ್ರಿಂಟ್ ತೆಗೆದ ತಕ್ಷಣ ಹೆಸರು, ಹುಟ್ಟಿದ ದಿನ, ವೀಸಾ ವರ್ಗ ಸರಿ ಇದೆಯಾ ನೋಡಿ. ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಇದರ ಮೇಲೆ ಎರಡು ಪತ್ರ ಬೇಕು. ಒಂದು ಕೆಲಸ ಕೊಟ್ಟವರದ್ದು. ಏನು ಕೆಲಸ, ಯಾವತ್ತು ಶುರು, ವಾರಕ್ಕೆ ಎಷ್ಟು ಗಂಟೆ, ಮೇಲ್ವಿಚಾರಕರ ಹೆಸರು ಮತ್ತು ಫೋನ್, ಅವರ ಸಹಿ, ತಾರೀಕು, ಇಷ್ಟೂ ಅದರಲ್ಲಿ ಇರಬೇಕು. ಇನ್ನೊಂದು ಇಂಟರ್‌ನ್ಯಾಷನಲ್ ಆಫೀಸಿನ ಅಧಿಕಾರಿಯದ್ದು, ಇವರನ್ನು ಡಿಎಸ್‌ಒ ಅನ್ನುತ್ತಾರೆ. ಇವರು ನಮ್ಮ ವಿದ್ಯಾರ್ಥಿ, ಇಂಥ ಕಡೆ ಕೆಲಸ ಮಾಡುತ್ತಾರೆ ಅಂತ ಅವರು ಬರೆದುಕೊಡುತ್ತಾರೆ. ಬಹುತೇಕ ಕಾಲೇಜುಗಳಲ್ಲಿ ಎರಡು ಪತ್ರಕ್ಕೂ ಮಾದರಿ ಸಿದ್ಧ ಇರುತ್ತದೆ, ಕೇಳಿ ತಗೊಳ್ಳಿ.

ಕೊನೆಗೆ ಎಸ್‌ಎಸ್-5 ಅರ್ಜಿ. ತಾರೀಕು ಬರೆಯುವಾಗ ಕೈ ತಡೆದು ಬರೆಯಿರಿ. ಅವರಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜುಲೈ 3ನ್ನು ನಮ್ಮ ಅಭ್ಯಾಸದಲ್ಲಿ 03/07 ಅಂತ ಬರೆದರೆ ಅವರು ಮಾರ್ಚ್ 7 ಅಂತ ಓದುತ್ತಾರೆ.

"ಆಫೀಸಿನಲ್ಲಿ ಇಂಟರ್‌ವ್ಯೂ ಥರ ಏನಾದ್ರೂ ಇರುತ್ತಾ?"

ಹೆದರುವಂಥದ್ದು ಏನೂ ಇಲ್ಲ. ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ. ಅರ್ಜಿಯನ್ನು ಆನ್‌ಲೈನಿನಲ್ಲಿ ಶುರು ಮಾಡಬಹುದು, ಆದರೆ ಒರಿಜಿನಲ್ ತೋರಿಸಲು ನೀವೇ ಹೋಗಬೇಕು. ಕಾಗದ ನೋಡುತ್ತಾರೆ, ಹೆಸರಿನ ಅಕ್ಷರ ಕೇಳುತ್ತಾರೆ, ಟೈಪ್ ಮಾಡುತ್ತಾರೆ. ಟೈಪ್ ಮಾಡಿದ್ದನ್ನು ಒಮ್ಮೆ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ನಮ್ಮ ಹೆಸರುಗಳು ಅವರ ಕಿವಿಗೆ ಹೊಸದು, ಪಾಪ. ಹೊರಡುವಾಗ ಅರ್ಜಿ ತಗೊಂಡಿದ್ದಕ್ಕೆ ಒಂದು ರಸೀದಿ ಥರದ ಕಾಗದ ಕೊಡುತ್ತಾರೆ. ಅದನ್ನು ಜೋಪಾನ ಮಾಡಿ.

"ಎಷ್ಟು ದಿನಕ್ಕೆ ಬರುತ್ತೆ? ಬರೋ ತನಕ ಕೆಲಸಕ್ಕೆ ಹೋಗಬಾರ್ದಾ?"

ದಾಖಲೆ ತಾಳೆ ಆದರೆ ಸುಮಾರು ಎರಡು ವಾರ. ಅಂಚೆಯಲ್ಲಿ ಬರುತ್ತದೆ. ಅಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಅಂಚೆ ಪೆಟ್ಟಿಗೆ ಎಲ್ಲ ಸಾಲಾಗಿ ಒಂದೇ ಥರ ಇರುತ್ತದೆ, ನಮ್ಮೂರಿನ ಪೋಸ್ಟ್‌ಮ್ಯಾನ್ ಹಾಗೆ ಮುಖ ನೋಡಿ ಕೊಡುವವರು ಇರುವುದಿಲ್ಲ. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ರೂಮು ಬದಲಿಸುವ ಯೋಚನೆ ಇದ್ದರೆ ಕಾಲೇಜಿನ ಯಾವುದಾದರೂ ಗಟ್ಟಿ ವಿಳಾಸ ಕೊಡಿ.

ಅರ್ಜಿ ನಡೆಯುತ್ತಿರುವಾಗ ಕೆಲಸ ಶುರು ಮಾಡಲು ಕಾನೂನಿನ ಅಡ್ಡಿ ಇಲ್ಲ. ನಿಮಗೆ ಕೆಲಸದ ಅನುಮತಿ ಇದೆ, ನಂಬರ್ ಬರುತ್ತಿದೆ, ಅಷ್ಟೇ. ರಸೀದಿ ತೋರಿಸಿ, ಬಂದ ತಕ್ಷಣ ನಂಬರ್ ಕೊಡಿ. ಕೆಲವು ಕಾಲೇಜುಗಳು ಮಾತ್ರ ನಂಬರ್ ಬರುವ ತನಕ ಸಂಬಳದ ಪಟ್ಟಿಗೆ ಸೇರಿಸುವುದಿಲ್ಲ. ಮೊದಲೇ ಕೇಳಿಕೊಳ್ಳಿ.

## ಕಾರ್ಡ್ ಕೈಗೆ ಬಂದ ಮೇಲೆ

"ಕಾರ್ಡ್ ಮೇಲೆ ಏನೋ ಷರತ್ತು ಬರೆದಿದೆ. ತಪ್ಪು ಕಾರ್ಡ್ ಬಂದಿದೆಯಾ?"

ಸರಿಯಾದ ಕಾರ್ಡೇ. ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ ಸಿಂಧು ಅಂತ ಅದರ ಅರ್ಥ. ವಿದ್ಯಾರ್ಥಿಗಳಿಗೆಲ್ಲ ಹೀಗೇ ಬರುತ್ತದೆ. ಮುಂದೆ ಎಚ್-1ಬಿ ಆದರೂ ನಂಬರ್ ಅದೇ ಇರುತ್ತದೆ. ಗ್ರೀನ್ ಕಾರ್ಡ್ ಆದ ಮೇಲೆ ಈ ಸಾಲು ಇಲ್ಲದ ಕಾರ್ಡ್ ತಗೊಳ್ಳಬಹುದು.

"ನಂಬರ್ ಬಂತಲ್ಲ, ಇನ್ನು ಹೊರಗೆ ಅಂಗಡಿಯಲ್ಲೂ ಮಾಡಬಹುದಲ್ವಾ? ಕ್ಯಾಶ್ ಕೊಡ್ತಾರೆ"

ಬೇಡ. ದಯವಿಟ್ಟು ಬೇಡ. ಮನೆಯವರೂ ಇದನ್ನು ಮಕ್ಕಳಿಗೆ ಹೇಳಿ.

ನಂಬರ್ ಅನುಮತಿ ಅಲ್ಲ. ಅನುಮತಿ ಬರುವುದು ನಿಮ್ಮ ವೀಸಾ ವರ್ಗದಿಂದ, ಐ-20ಯಿಂದ. ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ಕೈಗೆ ಕ್ಯಾಶ್ ತಗೊಂಡು ಮಾಡುವ ಕೆಲಸ ಎಫ್-1 ನಿಯಮ ಮುರಿದ ಹಾಗೆ. ಸಿಕ್ಕಿಬಿದ್ದರೆ ಓದೂ ಹೋಗುತ್ತದೆ, ಮುಂದಿನ ವೀಸಾಗಳಿಗೂ ಕಲ್ಲು ಬೀಳುತ್ತದೆ. ಸಂಬಳ ಕೊಡದೆ ಸತಾಯಿಸಿದರೆ ದೂರು ಕೊಡಲೂ ಭಯ. ಇಂಥ ಕಡೆ ದುಡಿದು ಎರಡು ತಿಂಗಳ ದುಡ್ಡು ಬಾರದೆ, ಯಾರಿಗೂ ಹೇಳಲಾರದೆ, ರಾತ್ರಿ ಫೋನಿನಲ್ಲಿ ಅತ್ತ ಹುಡುಗನ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಕಷ್ಟ ಇದ್ದರೆ ಮೊದಲು ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ. ಊರಲ್ಲಿ ನಿರೀಕ್ಷೆ ಮಾಡದ ಆರ್ಥಿಕ ತೊಂದರೆ ಬಂದರೆ, ಒಂದು ಶೈಕ್ಷಣಿಕ ವರ್ಷ ಮುಗಿಸಿದವರು ಹೊರಗೆ ಕೆಲಸ ಮಾಡಲು ಅನುಮತಿ ಕೇಳುವ ಕಾನೂನಿನ ದಾರಿಯೇ ಇದೆ. ತೋಟ ಕುಸಿದ 2018ರ ಆಗಸ್ಟಿನಂಥ ಹೊತ್ತಿನಲ್ಲಿ ಆ ದಾರಿ ಗೊತ್ತಿರಬೇಕು.

"ನಿಮ್ಮ ನಂಬರ್ ಸಸ್ಪೆಂಡ್ ಆಗಿದೆ ಅಂತ ಫೋನ್ ಬಂತು, ಏನ್ ಮಾಡ್ಲಿ?"

ಫೋನ್ ಇಡಿ. ಎಸ್‌ಎಸ್‌ಎನ್ ಸಸ್ಪೆಂಡ್ ಆಗುವುದು ಅನ್ನುವುದೇ ಇಲ್ಲ. ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿ ಅಂತ ಯಾವ ಸರ್ಕಾರಿ ಕಚೇರಿಯೂ ಕೇಳುವುದಿಲ್ಲ. ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡು ತಿರುಗಬೇಡಿ, ಫೋಟೊ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಮಗ ಕಳಿಸಿದ ಅಂತ ಖುಷಿಗೆ ಚಿಕ್ಕಪ್ಪ, ಅತ್ತೆ, ಭಾವನಿಗೆಲ್ಲ ಫಾರ್ವರ್ಡ್ ಆಗುತ್ತದೆ. ನಂಬರ್ ಬೇರೆಯವರ ಕೈಗೆ ಸಿಕ್ಕಿತು ಅಂತ ಅನುಮಾನ ಬಂದರೆ ಸಾಲದ ಲೆಕ್ಕ ಇಡುವ ಕಂಪನಿಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ನಿಮ್ಮ ಹೆಸರಿನ ಸಾಲದ ದಾಖಲೆಗೆ ಬೀಗ ಹಾಕಿಸಬಹುದು. 2018ರಿಂದ ಇದಕ್ಕೆ ಶುಲ್ಕ ಇಲ್ಲ.

"ಸಂಬಳದಲ್ಲಿ ಏನೇನೋ ಹಿಡಿದಿದ್ದಾರೆ. ಸೋಶಿಯಲ್ ಸೆಕ್ಯುರಿಟಿ ಅಂತಾನೂ ಇದೆ"

ಚೀಟಿಯನ್ನು ಸರಿಯಾಗಿ ನೋಡಿದ್ದೀರಿ. ಸೋಶಿಯಲ್ ಸೆಕ್ಯುರಿಟಿಗೆ ಶೇಕಡಾ 6.2, ಮೆಡಿಕೇರ್ ಅನ್ನುವ ವಯಸ್ಸಾದವರ ಆರೋಗ್ಯ ವಿಮೆಗೆ ಶೇಕಡಾ 1.45 ಹಿಡಿಯುವುದು ಅಲ್ಲಿನ ನಿಯಮ. ಆದರೆ ಎಫ್-1 ವಿದ್ಯಾರ್ಥಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ, ಅನುಮತಿ ಇರುವ ಕೆಲಸದ ಸಂಬಳದಲ್ಲಿ, ಈ ಎರಡೂ ಸಾಮಾನ್ಯವಾಗಿ ಬರುವುದಿಲ್ಲ. ಆಗಸ್ಟಿನಲ್ಲಿ ಇಳಿದರೂ ಆ ವರ್ಷ ಒಂದು ಅಂತಲೇ ಲೆಕ್ಕ. ತಪ್ಪಿ ಹಿಡಿದಿದ್ದರೆ ಮೊದಲು ಕೆಲಸ ಕೊಟ್ಟವರನ್ನೇ ವಾಪಸ್ ಕೇಳಿ. ಅವರು ಕೊಡದಿದ್ದರೆ ತೆರಿಗೆ ಇಲಾಖೆಗೆ 843 ಮತ್ತು 8316 ನಂಬರಿನ ಫಾರಂ ಹಾಕಬೇಕು.

ಆದಾಯ ತೆರಿಗೆ ಬೇರೆ, ಅದಕ್ಕೆ ವಿನಾಯಿತಿ ಇಲ್ಲ. ಸಂಬಳ ಬಂದವರು ಏಪ್ರಿಲ್ 15ರೊಳಗೆ 1040-ಎನ್‌ಆರ್ ಅನ್ನುವ ತೆರಿಗೆ ಫಾರಂ ಹಾಕಬೇಕು. ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳಲು ಬಿಡುತ್ತದೆ, ಬೇರೆ ಬಹಳ ದೇಶದವರಿಗೆ ಇದು ಇಲ್ಲ. ಬಿಡಬೇಡಿ. ಒಂದು ಡಾಲರ್ ದುಡಿಯದವರೂ 8843 ಫಾರಂ ಕಳಿಸಬೇಕು.

## ಸ್ವಲ್ಪ ತೊಡಕಿನವು

"ನನಗೆ ಸ್ಕಾಲರ್‌ಶಿಪ್ ಮಾತ್ರ, ಕೆಲಸ ಇಲ್ಲ. ಹೆಂಡತಿ ಎಫ್-2ರಲ್ಲಿ ಬರ್ತಾಳೆ. ನಮಗೆ?"

ಕೆಲಸ ಇಲ್ಲದ ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಎನ್ ಸಿಗುವುದಿಲ್ಲ. ಎಫ್-2, ಅಂದರೆ ವಿದ್ಯಾರ್ಥಿಯ ಗಂಡ, ಹೆಂಡತಿ, ಮಕ್ಕಳ ವೀಸಾದಲ್ಲಿ ಬಂದವರು ಕೆಲಸ ಮಾಡುವ ಹಾಗೇ ಇಲ್ಲ, ಹಾಗಾಗಿ ಅವರಿಗೂ ಇಲ್ಲ. ತೆರಿಗೆ ಕಾಗದಕ್ಕೆ ನಂಬರ್ ಬೇಕಾದರೆ ಐಟಿಐಎನ್ ಅಂತ ಬೇರೆ ಇದೆ. ಅದೂ ಒಂಬತ್ತು ಅಂಕಿ, ಯಾವಾಗಲೂ 9ರಿಂದ ಶುರು. ತೆರಿಗೆ ಇಲಾಖೆಗೆ ಡಬ್ಲ್ಯೂ-7 ಫಾರಂ ಹಾಕಿ ತಗೊಳ್ಳಬೇಕು. ಅದರಿಂದ ಕೆಲಸದ ಹಕ್ಕು ಬರುವುದಿಲ್ಲ. ವಿನಿಮಯ ಕಾರ್ಯಕ್ರಮದ ಜೆ-1 ವೀಸಾದಲ್ಲಿ ಹೋದವರಿಗೆ ಐ-20 ಬದಲು ಡಿಎಸ್-2019, ಜೊತೆಗೆ ಪ್ರಾಯೋಜಕರ ಪತ್ರ ಬೇಕು. ಅವರ ಜೊತೆ ಜೆ-2ರಲ್ಲಿ ಹೋದ ಗಂಡ ಅಥವಾ ಹೆಂಡತಿ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು.

"ಎರಡು ವರ್ಷ ಕೆಲಸವೇ ಮಾಡಿಲ್ಲ. ಈಗ ಒಪಿಟಿಗೆ ಹಾಕ್ತಿದ್ದೀನಿ, ನಂಬರ್‌ಗೆ ಬೇರೆ ಅಲೆಯಬೇಕಾ?"

ಬೇಕಾಗದೆ ಇರಬಹುದು. ಒಪಿಟಿಗೆ ಹಾಕುವ ಐ-765 ಅರ್ಜಿಯಲ್ಲೇ ಎಸ್‌ಎಸ್‌ಎನ್ ಬೇಕಾ ಅಂತ ಕೇಳಿದ್ದರೆ ಹೌದು ಅನ್ನಿ. 2025ರಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿದ್ದರು, ಈಗ ಇದೆಯಾ ಅಂತ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿಕೊಳ್ಳಿ. ಇದ್ದರೆ ಹೀಗೆ: ಕೆಲಸದ ಅನುಮತಿಯ ಇಎಡಿ ಕಾರ್ಡ್ ಒಂದು ಲಕೋಟೆಯಲ್ಲಿ ಬರುತ್ತದೆ, ಎಸ್‌ಎಸ್‌ಎನ್ ಇನ್ನೊಂದರಲ್ಲಿ. ಇಎಡಿ ಬಂದು ಎರಡು ವಾರ ಕಳೆದರೂ ನಂಬರ್ ಬಾರದಿದ್ದರೆ ಕಚೇರಿಗೆ ಹೋಗಿ ಕೇಳಿ. ಸಿಪಿಟಿಯವರಿಗೆ ಈ ಅನುಕೂಲ ಇಲ್ಲ. ಸಿಪಿಟಿ ಮಂಜೂರಾದ ಪುಟ ಇರುವ ಐ-20 ಹಿಡಿದು ಅವರೇ ಹೋಗಬೇಕು.

"ಮದುವೆ ಆಯ್ತು, ಒಕ್ಕದ ಹೆಸರು ಬದಲಾಯ್ತು. ನಂಬರೂ ಬದಲಾಗುತ್ತಾ?"

ನಂಬರ್ ಬದಲಾಗುವುದಿಲ್ಲ, ಕಾರ್ಡಿನ ಮೇಲಿನ ಹೆಸರು ಮಾತ್ರ. ಮೊದಲು ಪಾಸ್‌ಪೋರ್ಟ್ ಮತ್ತು ಐ-20ಯಲ್ಲಿ ಹೊಸ ಹೆಸರು ಬರಲಿ, ಆಮೇಲೆ ಅದೇ ಎಸ್‌ಎಸ್-5 ಫಾರಂ. ಕಳೆದುಹೋದ ಕಾರ್ಡಿಗೆ ಬದಲಿ ವರ್ಷಕ್ಕೆ 3, ಜೀವಮಾನಕ್ಕೆ 10 ಅಂತ ಮಿತಿ ಇದೆ. ಹೆಸರು ಬದಲಾಗಿದ್ದಕ್ಕೆ ತಗೊಂಡ ಕಾರ್ಡ್ ಆ ಲೆಕ್ಕಕ್ಕೆ ಬರುವುದಿಲ್ಲ.

"ನಮ್ಮವನು ಹೋಗ್ತಿರೋದು ಕೆನಡಾಗೆ. ಅಲ್ಲೂ ಹಿಂಗೇನಾ?"

ಅಲ್ಲಿ ಸುಲಭ. ಸಿನ್ ಅನ್ನುತ್ತಾರೆ, ಒಂಬತ್ತು ಅಂಕಿ, ತಾತ್ಕಾಲಿಕವಾಗಿ ಇರುವವರದ್ದು 9ರಿಂದ ಶುರು. ಕೆಲಸ ಸಿಗುವ ತನಕ ಕಾಯಬೇಕಿಲ್ಲ, ಸ್ಟಡಿ ಪರ್ಮಿಟ್‌ನಲ್ಲಿ ಕೆಲಸ ಮಾಡಬಹುದು ಅಂತ ಬರೆದಿದ್ದರೆ ಸಾಕು. ಇಳಿದಾಗಲೇ ಆ ಸಾಲು ಇದೆಯಾ ನೋಡಿಕೊಳ್ಳಲಿ.

ಬ್ರಿಟನ್‌ನಲ್ಲಿ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಆನ್‌ಲೈನಿನಲ್ಲಿ ಅರ್ಜಿ. ಕೆಲಸದ ಹಕ್ಕು ತೋರಿಸಿದರೆ ನಂಬರ್ ಬರುವ ಮೊದಲೇ ಶುರು ಮಾಡಬಹುದು. ಆಸ್ಟ್ರೇಲಿಯಾದಲ್ಲಿ ಟ್ಯಾಕ್ಸ್ ಫೈಲ್ ನಂಬರ್, ಅಲ್ಲಿಗೆ ಹೋದ ಮೇಲೆ ಪಾಸ್‌ಪೋರ್ಟ್ ಇಟ್ಟುಕೊಂಡು ಆನ್‌ಲೈನಿನಲ್ಲಿ. ಜರ್ಮನಿಯಲ್ಲಿ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದರೆ 11 ಅಂಕಿಯ ತೆರಿಗೆ ನಂಬರ್ ತಾನಾಗಿ ಅಂಚೆಯಲ್ಲಿ ಬರುತ್ತದೆ. ಎಲ್ಲೂ ಶುಲ್ಕ ಇಲ್ಲ.

"ಓದು ಮುಗಿಸಿ ಊರಿಗೆ ಬಂದುಬಿಟ್ಟೆ. ಆ ಕಾರ್ಡ್ ಇನ್ನೇನಕ್ಕೆ? ಲ್ಯಾಮಿನೇಟ್ ಮಾಡಿಸಿಡಲಾ?"

ನಂಬರ್ ಜೀವಮಾನ ಪೂರ್ತಿ ನಿಮ್ಮದೇ. ಕೊನೆಯ ವರ್ಷದ ತೆರಿಗೆ ಹಾಕಲು, ಬರಬೇಕಾದ ಹಣ ತರಿಸಿಕೊಳ್ಳಲು, ಮುಂದೆ ಪಿಎಚ್‌ಡಿಗೋ ಕೆಲಸಕ್ಕೋ ಮತ್ತೆ ಹೋದರೆ, ಎಲ್ಲದಕ್ಕೂ ಅದೇ ಬೇಕು.

ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ. ನಮ್ಮ ಮಳೆಗಾಲಕ್ಕೆ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಮದುವೆ ಫೋಟೊವರೆಗೆ ಎಲ್ಲದಕ್ಕೂ ಪ್ಲಾಸ್ಟಿಕ್ ಹಾಕಿಸುವ ಅಭ್ಯಾಸ ನಮಗೆ. ಈ ಕಾರ್ಡಿಗೆ ಅದು ಬೇಡ ಅಂತ ಕೊಡುವವರೇ ಹೇಳುತ್ತಾರೆ, ಅಸಲಿಯಾ ಅಂತ ಗುರುತಿಸುವ ಗುರುತುಗಳು ಪ್ಲಾಸ್ಟಿಕ್ಕಿನ ಅಡಿ ಕಾಣುವುದಿಲ್ಲ. ನನ್ನದು ಜಮ್ಮಾ ಜಾಗದ ಕಾಗದಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಜಿಪ್ ಇರುವ ಕವರಿನೊಳಗೆ. ಜುಲೈ ತಿಂಗಳಲ್ಲಿ ಎರಡು ಸಲ ತೆಗೆದು ಒಲೆಯ ಪಕ್ಕದ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಇಡುತ್ತೇನೆ. ಇಷ್ಟು ವರ್ಷ ಆದರೂ ಬೂಸ್ಟು ಹಿಡಿದಿಲ್ಲ.